ಹೊಳೆ, ಕೆರೆ, ಕಾಡು: ಗಡಿ ಹಾಕಿದರಷ್ಟೇ ಸಾಲದು

ಹೊಸಪೇಟೆ, ಸಂಡೂರು ಸೀಮೆ ಎಂದರೆ ಬಿಸಿಲು, ಬಂಡೆ ಹಾಗೂ ಅದಿರು ಮಾತ್ರ ಎಂಬ ಭಾವನೆ ವ್ಯಾಪಕವಾಗಿದೆ. ಆದರೆ ಮರಿಯಮ್ಮನಹಳ್ಳಿಯ ಸುತ್ತಲಿನ ಈ ಭಾಗದಲ್ಲಿ ಕರಡಿ, ಚಿರತೆ, ನೀರುನಾಯಿ, ಬಣ್ಣದ ಕೊಕ್ಕರೆಗಳು ನೆಲೆ ಕಂಡುಕೊಂಡಿವೆ. ಇವುಗಳ ರಕ್ಷಣೆಗೆ ಇಲ್ಲಿ ಎರಡು ಬಗೆಯ ಕಾನೂನು ವ್ಯವಸ್ಥೆ ಜಾರಿಯಲ್ಲಿದೆ.

ಮೊದಲನೆಯದು ವನ್ಯಧಾಮ. ದರೋಜಿ ಸಮೀಪದ ಬಿಳಿಕಲ್ಲು ಮೀಸಲು ಅರಣ್ಯವನ್ನು 1994ರಲ್ಲಿ ಕರಡಿಧಾಮವೆಂದು ಘೋಷಿಸಲಾಯಿತು. ಬಂಡೆಗಳ ನಡುವಿನ ಗವಿಗಳು ಕರಡಿಗೆ ಹಗಲಿನ ಆಶ್ರಯ. ಗೆದ್ದಲು ಮತ್ತು ಕಾಡುಹಣ್ಣು ಅದರ ಆಹಾರ. ತಿಂದ ಹಣ್ಣಿನ ಬೀಜಗಳನ್ನು ಕರಡಿ ದೂರಕ್ಕೆ ಒಯ್ದು ಹರಡುವುದರಿಂದ ಕುರುಚಲು ಕಾಡು ಮತ್ತೆ ಚಿಗುರಲು ಸಹಾಯವಾಗುತ್ತದೆ. ವನ್ಯಧಾಮದೊಳಗೆ ಮಾನವ ಚಟುವಟಿಕೆಗೆ ಕಟ್ಟುನಿಟ್ಟಿನ ನಿರ್ಬಂಧವಿದೆ.

ಎರಡನೆಯದು ಸಂರಕ್ಷಣಾ ಮೀಸಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಂದ 2002ರ ತಿದ್ದುಪಡಿಯಿಂದ ಇದು ಬಳಕೆಗೆ ಬಂದಿತು. ಸರ್ಕಾರದ ಒಡೆತನದ ಪ್ರದೇಶವನ್ನು ಸ್ಥಳೀಯರೊಂದಿಗೆ ಸಮಾಲೋಚಿಸಿ ಹೀಗೆ ಘೋಷಿಸಬಹುದು. ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿ ಪ್ರತಿನಿಧಿಗಳಿಗೂ ಸ್ಥಾನವಿದೆ. ಆದರೆ ಸಮಿತಿಗೆ ಇರುವುದು ಸಲಹೆ ನೀಡುವ ಅಧಿಕಾರ ಮಾತ್ರ.

ತುಂಗಭದ್ರಾ ಜಲಾಶಯದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿ.ಮೀ. ನದಿಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ದೇಶದಲ್ಲಿ ಇಂತಹ ಮೀಸಲು ಇದೇ ಮೊದಲು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಿನ ಸ್ಥಾನ ದೊರೆಯಿತು. 2024ರಲ್ಲಿ ಅದು ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು.

ಮೀನನ್ನೇ ನಂಬಿ ಬದುಕುವ ನೀರುನಾಯಿ ಇದ್ದಲ್ಲಿ ಹೊಳೆ ಜೀವಂತವಾಗಿದೆ ಎಂದರ್ಥ. ಸಿಡಿಮದ್ದು ಬಳಸಿ ಮೀನು ಹಿಡಿಯುವುದು, ಮರಳು ಎತ್ತುವುದು, ಕೊಳಚೆ ನೀರನ್ನು ಹರಿಯಬಿಡುವುದು ಅದಕ್ಕೆ ಮಾರಕ. ಇವುಗಳಿಂದ ಮೀನುಗಾರರ ಕುಟುಂಬಗಳ ಅನ್ನಕ್ಕೂ ಕುತ್ತು ತಪ್ಪಿದ್ದಲ್ಲ. ಹೀಗಾಗಿ ಹೊಳೆಯ ರಕ್ಷಣೆಯಲ್ಲಿ ಇಬ್ಬರ ಹಿತವೂ ಒಂದೇ.

ಆದರೆ ಪ್ರಾಣಿಗಳಿಗೆ ನಕ್ಷೆಯ ಗಡಿ ತಿಳಿಯದು. ಸಂಡೂರಿನ ಬೆಟ್ಟಗಳಲ್ಲಿ ಕಾಡು ಮತ್ತು ಕಬ್ಬಿಣದ ಅದಿರು ಒಂದೇ ನೆಲದಲ್ಲಿವೆ. ಮಿತಿಮೀರಿದ ಗಣಿಗಾರಿಕೆಯಿಂದಾಗಿ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ತಡೆಹಿಡಿಯಿತು. ತರುವಾಯ ಪುನಶ್ಚೇತನದ ಷರತ್ತಿನೊಂದಿಗೆ ಗಣಿಗಳು ಹಂತಹಂತವಾಗಿ ಪುನರಾರಂಭಗೊಂಡವು. ಅಗೆದ ಬೆಟ್ಟದಲ್ಲಿ ಸಸಿ ನೆಡಬಹುದು. ಕಳೆದುಹೋದ ಮೇಲ್ಮಣ್ಣು ಮತ್ತು ಬತ್ತಿದ ಝರಿ ಅಷ್ಟು ಬೇಗ ಮರಳುವುದಿಲ್ಲ.

ಆದ್ದರಿಂದ ಘೋಷಿತ ತಾಣಗಳನ್ನು ಕಾಯುವುದರ ಜೊತೆಗೆ ಅವುಗಳ ನಡುವಿನ ಗುಡ್ಡ, ಹಳ್ಳ, ಕುರುಚಲು ಕಾಡುಗಳನ್ನೂ ಉಳಿಸಿಕೊಳ್ಳುವುದು ಅನಿವಾರ್ಯ. ಇಲ್ಲವಾದಲ್ಲಿ ಪ್ರತಿಯೊಂದು ತಾಣವೂ ನಡುಗಡ್ಡೆಯಾಗಿ ಉಳಿಯುವುದು.