ಮ್ಯೂಚುವಲ್ ಫಂಡ್‌ಗೆ ಕಟ್ಟಿದ ದುಡ್ಡು ವಾಪಸ್ ಬರುವುದೇಕೆ?

ಹಾಲಿನ ಬಟವಾಡೆಯಲ್ಲಿ ತಿಂಗಳಿಗೆ 500 ರೂಪಾಯಿ ಉಳಿಸಿ ನಿಮ್ಮ ಹೆಸರಲ್ಲಿ ಮ್ಯೂಚುವಲ್ ಫಂಡ್ ಮಾಡಿಸಿದ್ದೀರಿ ಎಂದುಕೊಳ್ಳಿ. ಮೊದಲ ಕಂತನ್ನು ಮಗ ತನ್ನ ಮೊಬೈಲಿನಿಂದ ಕಟ್ಟಿದ. ಕೆಲವು ದಿನದಲ್ಲಿ ಆ ಹಣ ಅವನ ಖಾತೆಗೇ ವಾಪಸ್ ಬಂತು. ದುಡ್ಡು ಮುಳುಗಿತೇನೋ ಎಂದು ಗಾಬರಿಯಾಗಬೇಡಿ. ಹೂಡಿಕೆ ನಿಮ್ಮ ಹೆಸರಲ್ಲಿದೆ, ಹಣ ಬಂದ ಖಾತೆ ಮಗನದು. ಅದಕ್ಕೇ ತಿರಸ್ಕರಿಸಿದ್ದಾರೆ.

ಯಾರ ಹೆಸರಲ್ಲಿ ಹೂಡಿಕೆಯೋ ಅವರ ಬ್ಯಾಂಕ್ ಖಾತೆಯಿಂದಲೇ ಹಣ ಬರಬೇಕೆಂಬುದು ನಿಯಮ. ಗಂಡ, ಮಗ, ಅಣ್ಣ ಯಾರೇ ಆದರೂ ಲೆಕ್ಕಕ್ಕೆ ಬೇರೆಯವರೇ. ಕಳ್ಳಹಣ ಇನ್ನೊಬ್ಬರ ಹೆಸರಲ್ಲಿ ಹೊಕ್ಕಬಾರದೆಂದು 2002ರ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಡಿ ಈ ಬಿಗಿ ಬಂದಿದೆ. ಕಿರಿಕಿರಿ ಎನಿಸಿದರೂ ಇದು ನಿಮಗೇ ಕಾವಲು. "ದುಡ್ಡು ನನ್ನ ಖಾತೆಗೆ ಹಾಕಿ, ನಿಮ್ಮ ಹೆಸರಲ್ಲಿ ನಾನು ಕಟ್ಟುತ್ತೇನೆ" ಎನ್ನುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಬಟವಾಡೆ ಗಂಡನ ಖಾತೆಗೆ ಬೀಳುತ್ತಿದ್ದರೆ ಏನು ಮಾಡುವುದು? ಅವರು ಮೊದಲು ನಿಮ್ಮ ಖಾತೆಗೆ ಹಾಕಲಿ, ಅಲ್ಲಿಂದ ನೀವು ಕಟ್ಟಿ. ಜಂಟಿ ಖಾತೆಯಾದರೆ ಅದರಲ್ಲಿ ನಿಮ್ಮ ಹೆಸರೂ ಇದ್ದರೆ ಸಾಕು. ಹಾಲು ಹಾಕುವವರು ನೀವೇ ಆಗಿದ್ದರೆ ಸಂಘದ ಸದಸ್ಯತ್ವವನ್ನೂ ಬಟವಾಡೆ ಖಾತೆಯನ್ನೂ ನಿಮ್ಮ ಹೆಸರಿಗೇ ಮಾಡಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಕಾರ್ಯದರ್ಶಿಯವರನ್ನು ಕೇಳಿ.

ಇನ್ನೊಂದು ತೊಡಕು ಹೆಸರಿನದು. ಪಾಸ್‌ಬುಕ್‌ನಲ್ಲಿ "ಗೌರಮ್ಮ", ಪ್ಯಾನ್‌ನಲ್ಲಿ "ಗೌರಮ್ಮ ನಂಜಪ್ಪ", ಇನ್ನೊಂದು ಕಾಗದದಲ್ಲಿ "ಗೌರಮ್ಮ ಕೋಂ ನಂಜಪ್ಪ". ನಮ್ಮ ಊರಿಗೆಲ್ಲ ಒಬ್ಬಳೇ ಗೌರಮ್ಮ, ಕಂಪ್ಯೂಟರಿಗೆ ಮೂವರು! ಪ್ಯಾನ್, ಆಧಾರ್, ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸವಿದ್ದರೆ ಹಣ ಕಟ್ಟುವ ಮೊದಲೇ ಸರಿಪಡಿಸಿಕೊಳ್ಳಿ. ಕೆವೈಸಿ ಬಾಕಿ ಇದ್ದರೂ ಹೂಡಿಕೆ ನಿಲ್ಲುತ್ತದೆ.

ಪ್ರತಿ ತಿಂಗಳು ತಾನಾಗಿ ಕಡಿತವಾಗುವ ಎಸ್‌ಐಪಿ ಇದ್ದವರು ತಾರೀಕು ನೋಡಿಕೊಳ್ಳಿ. ಬಟವಾಡೆ ಬೀಳುವ ಮುನ್ನಾದಿನ ಕಂತು ಇಟ್ಟುಕೊಂಡರೆ ಖಾತೆ ಬರಿದಾಗಿರುತ್ತದೆ, ಕಂತು ತಪ್ಪುತ್ತದೆ, ಬ್ಯಾಂಕು ಮೇಲಿಂದ ದಂಡವನ್ನೂ ಹಿಡಿಯಬಹುದು. ಸತತ ಮೂರು ತಿಂಗಳು ತಪ್ಪಿದರೆ ಎಸ್‌ಐಪಿಯೇ ರದ್ದಾಗುತ್ತದೆ. ಬಟವಾಡೆಯಾಗಿ ಮೂರು ನಾಲ್ಕು ದಿನ ಬಿಟ್ಟು ಬರುವ ತಾರೀಕನ್ನು ಆರಿಸಿ. ಹಿಂಡಿ, ಬೂಸಾದ ಬಾಕಿ ಬಟವಾಡೆಯಲ್ಲೇ ಮುರಿದುಕೊಳ್ಳುತ್ತಾರೆ ಎಂಬುದನ್ನೂ ಲೆಕ್ಕ ಹಾಕಿ.

ತಿರಸ್ಕೃತ ಹಣ ಯಾವ ಖಾತೆಯಿಂದ ಹೋಗಿತ್ತೋ ಅದಕ್ಕೇ ಬರುತ್ತದೆ, ಅದಕ್ಕೆ ನೀವು ಏನನ್ನೂ ಒತ್ತಬೇಕಿಲ್ಲ. "ವಾಪಸ್ ಕೊಡಿಸುತ್ತೇವೆ, ಒಟಿಪಿ ಹೇಳಿ, ಪಿನ್ ಹಾಕಿ" ಎಂದು ಯಾರಾದರೂ ಫೋನ್ ಮಾಡಿದರೆ ತಕ್ಷಣ ಇಟ್ಟುಬಿಡಿ. ಹಣ ಬರದಿದ್ದರೆ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ನಿಮ್ಮ ಬ್ಯಾಂಕ್ ಶಾಖೆಗೇ ಹೋಗಿ ಕೇಳಿ.