ಗೋಡೆ ಹಿಂದೆ ನಿಂತರೂ ಗುಂಡು ಯಾಕೆ ತಾಗುತ್ತೆ? ಸಂಪಗಾಂವದಿಂದ ಸರ್ವರ್‌ವರೆಗಿನ ಪಿಂಗ್ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಇವತ್ತಿನ ಪ್ರಶ್ನೆ ಒಂದೇ. ಆಟದಲ್ಲಿ ಓಡಿ ಬಂದು ಗೋಡೆ ಹಿಂದೆ ನಿಂತಿರ್ತೀವಿ, ಆದರೂ ಗುಂಡು ತಾಗಿ ಸಾಯ್ತೀವಿ. ಯಾಕೆ? "ಲ್ಯಾಗ್ ಐತಿ ಬಿಡೋ" ಅನ್ನೋದು ಎಲ್ಲರ ಬಾಯಲ್ಲೂ ಬರುವ ಉತ್ತರ. ಸಂಪಗಾಂವ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲಿ ಹೋದರೂ ಇದೇ ಮಾತು. ಆಮೇಲೆ ಈ ಲ್ಯಾಗ್ ಹೋಗಲಿ ಅಂತ ದುಡ್ಡು ಸುರಿಯೋದು ಶುರುವಾಗುತ್ತೆ. ಪಿಂಗ್ ಬೂಸ್ಟರ್ ಆ್ಯಪ್‌ಗೆ ತಿಂಗಳ ಚಂದಾ, ಇನ್ನೂ ದೊಡ್ಡ ಡೇಟಾ ಪ್ಯಾಕ್, ಕೊನೆಗೆ ಕಂತಿನ ಮೇಲೆ ಹೊಸ ಫೋನ್.

ನಾನು ಬಿಕಾಂ ಓದಿದವನು. ದುಡ್ಡು ಹಾಕೋ ಮುಂಚೆ ಖರ್ಚು ಯಾವ ಖಾತೆಯದ್ದು ಅಂತ ನೋಡೋದು ನಮ್ಮ ಅಭ್ಯಾಸ. ಲ್ಯಾಗ್‌ನಲ್ಲೂ ಎರಡು ಖಾತೆ ಇವೆ: ಒಂದು ಫಿಕ್ಸೆಡ್ ಕಾಸ್ಟ್, ಇನ್ನೊಂದು ವೇರಿಯಬಲ್ ಕಾಸ್ಟ್. ಮೊದಲನೆಯದನ್ನ ಜಗತ್ತಿನ ಯಾವ ರೀಚಾರ್ಜೂ ಕಡಿಮೆ ಮಾಡಲ್ಲ. ಎರಡನೆಯದು ಸ್ವಲ್ಪಮಟ್ಟಿಗೆ ನಮ್ಮ ಕೈಲಿದೆ. ಯಾವುದು ಯಾವುದು ಅಂತ ಗೊತ್ತಿಲ್ಲದೇ ಇದ್ದರೆ ಜೇಬು ಖಾಲಿ, ಪಿಂಗ್ ಹಾಗೇ.

ಪಿಂಗ್ ಅಂದರೆ ಏನು?

ನೀವು ಫೈರ್ ಬಟನ್ ಒತ್ತಿದ ಕೂಡಲೇ ಒಂದು ಸಣ್ಣ ಡೇಟಾ ಪ್ಯಾಕೆಟ್ ನಿಮ್ಮ ಫೋನ್‌ನಿಂದ ಹೊರಡುತ್ತೆ. ಟವರ್‌ಗೆ ಹೋಗಿ, ಅಲ್ಲಿಂದ ಫೈಬರ್ ಕೇಬಲ್ ಹಿಡಿದು ಆಟದ ಸರ್ವರ್ ತಲುಪಿ, ಉತ್ತರ ತಗೊಂಡು ವಾಪಸ್ ಬರುತ್ತೆ. ಹೋಗಿ ಬರೋಕೆ ಹಿಡಿಯುವ ಒಟ್ಟು ಸಮಯವೇ ಪಿಂಗ್. ಅದನ್ನ ಅಳೆಯೋದು ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಸಾವಿರದ ಒಂದು ಪಾಲು.

ಇಲ್ಲಿ ಒಂದು ಗೊಂದಲ ಮೊದಲೇ ಬಿಡಿಸೋಣ. ಡೇಟಾ ಸ್ಪೀಡ್ ಬೇರೆ, ಪಿಂಗ್ ಬೇರೆ. ಕಬ್ಬಿನ ಟ್ರ್ಯಾಕ್ಟರ್ ಒಂದೇ ಸಲಕ್ಕೆ ಟನ್‌ಗಟ್ಟಲೆ ಒಯ್ಯುತ್ತೆ, ಆದರೆ ಚೀಟಿ ಮುಟ್ಟಿಸಿ ಬೇಗ ವಾಪಸ್ ಬರೋಕೆ ಬೈಕೇ ಬೇಕು. ಸಿನಿಮಾ ಡೌನ್‌ಲೋಡ್ ಟ್ರ್ಯಾಕ್ಟರ್ ಕೆಲಸ, ಆಟ ಬೈಕಿನ ಕೆಲಸ. ಆಟ ಕಳಿಸುವ ಪ್ಯಾಕೆಟ್‌ಗಳು ಚಿಕ್ಕವು. ಅದಕ್ಕೇ ದಿನಕ್ಕೆ 1 ಜಿಬಿ ಇದ್ದ ಪ್ಯಾಕನ್ನ 3 ಜಿಬಿಗೆ ಏರಿಸಿದರೆ ಪಿಂಗ್ ಇಳಿಯಲ್ಲ.

ಫಿಕ್ಸೆಡ್ ಕಾಸ್ಟ್: ದೂರ

ಫೈಬರ್ ಕೇಬಲ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಹೋಗುತ್ತೆ. ಲೆಕ್ಕ ಸುಲಭ: ಸರ್ವರ್ 100 ಕಿ.ಮೀ. ದೂರ ಇದ್ದರೆ ಹೋಗಿ ಬರೋಕೆ 1 ಮಿಲಿಸೆಕೆಂಡ್. ಇದಕ್ಕಿಂತ ಬೇಗ ಆ ಕೇಬಲ್‌ನಲ್ಲಿ ಯಾರೂ ಹೋಗಿ ಬರೋಕಾಗಲ್ಲ.

ಈಗ ಬೈಲಹೊಂಗಲವನ್ನ ನಕ್ಷೆ ಮೇಲೆ ಇಟ್ಟು ನೋಡಿ. ನೇರ ಗೆರೆ ಎಳೆದರೆ ಮುಂಬೈ ಸುಮಾರು 420 ಕಿ.ಮೀ., ಹೈದರಾಬಾದ್ ಸುಮಾರು 420, ಬೆಂಗಳೂರು ಸುಮಾರು 430. ಮೂರೂ ಹೆಚ್ಚುಕಡಿಮೆ ಸಮ ದೂರ! ಮೂರರಲ್ಲಿ ಎಲ್ಲಿ ಸರ್ವರ್ ಇದ್ದರೂ ದೂರದ ಲೆಕ್ಕದ ಪಿಂಗ್ 4 ಮಿಲಿಸೆಕೆಂಡ್ ಚಿಲ್ಲರೆ. ಕೇಬಲ್ ನೇರವಾಗಿ ಹೋಗಲ್ಲ, ಸುತ್ತು ಬಳಸುತ್ತೆ, ದಾರಿಯಲ್ಲಿ ರೌಟರ್‌ಗಳಿರುತ್ತವೆ. ಅದನ್ನೆಲ್ಲ ಸೇರಿಸಿ ಎರಡು ಮೂರು ಪಟ್ಟು ಮಾಡಿಕೊಂಡರೂ ಹತ್ತು ಹನ್ನೆರಡು ಮಿಲಿಸೆಕೆಂಡ್ ಅಷ್ಟೇ.

ಸರ್ವರ್ ಸಿಂಗಾಪುರದಲ್ಲಿದ್ದರೆ? ನೇರ ದೂರವೇ ಸುಮಾರು 3,550 ಕಿ.ಮೀ. ಕನಿಷ್ಠ 35 ಮಿಲಿಸೆಕೆಂಡ್, ಸಮುದ್ರದ ಕೇಬಲ್ ದಾರಿಯಲ್ಲಿ ಅದಕ್ಕಿಂತ ಜಾಸ್ತಿಯೇ. ಲಂಡನ್ ಸುಮಾರು 7,600 ಕಿ.ಮೀ., ಕನಿಷ್ಠ 76. ಅಮೆರಿಕದ ಪಶ್ಚಿಮ ತುದಿ ಸುಮಾರು 13,000 ಕಿ.ಮೀ., ಕನಿಷ್ಠ 130, ನಿಜದಲ್ಲಿ 200 ದಾಟುತ್ತೆ. ಸೆಕೆಂಡ್ ಲೈಫ್ ಎಂಬ ಹಳೇ ವರ್ಚುವಲ್ ಲೋಕ 2020ರಲ್ಲಿ ಅಮೆಜಾನ್ ಕ್ಲೌಡ್‌ಗೆ ಸ್ಥಳಾಂತರವಾಯಿತು. ಅದು ಓಡೋದು ಅಮೆರಿಕದಿಂದ. ಇಲ್ಲಿಂದ ಅದರೊಳಗೆ ಹೋದವರ ಪ್ರತಿ ಹೆಜ್ಜೆಯೂ ಅರ್ಧ ಭೂಮಿ ಸುತ್ತಿ ಬರಬೇಕು.

ಹಾಗಂತ ದೂರ ಅಂದ ಕೂಡಲೇ ಆಟ ಕೆಟ್ಟಿತು ಅಂತಲ್ಲ. ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶದ ಆಟ ನೋಡಿ. ಚೀನಾ ಬಿಟ್ಟು ಉಳಿದ ಜಗತ್ತಿನ ಆಟಗಾರರೆಲ್ಲ ಲಂಡನ್ನಿನಲ್ಲಿರುವ ಒಂದೇ ಸರ್ವರ್‌ನಲ್ಲಿ ಸೇರ್ತಾರೆ. ಆ ಆಟದ ಗಡಿಯಾರ ಸೆಕೆಂಡಿಗೆ ಒಂದೇ ಸಲ ಹೊಡೆಯುತ್ತೆ, ಹಾಗಾಗಿ 150 ಮಿಲಿಸೆಕೆಂಡ್ ತಡವಾದರೂ ದೊಡ್ಡ ನಷ್ಟ ಇಲ್ಲ. ಮೈನ್‌ಕ್ರಾಫ್ಟ್ ಗಡಿಯಾರ ಸೆಕೆಂಡಿಗೆ 20 ಸಲ, ವ್ಯಾಲೊರೆಂಟ್‌ನದ್ದು 128 ಸಲ. ಗಡಿಯಾರ ಚುರುಕಾದಷ್ಟೂ ದೂರದ ಪೆಟ್ಟು ಜೋರು.

ಗೋಡೆ ಹಿಂದೆ ಸತ್ತದ್ದು ಹೇಗೆ?

ಈಗ ಮೊದಲ ಪ್ರಶ್ನೆಗೆ ಬರೋಣ. ಆಟ ಶುರುವಿನಿಂದ ಕೊನೆವರೆಗೆ ನಿಜವಾಗಿ ನಡೆಯೋದು ಸರ್ವರ್‌ನಲ್ಲಿ. ನಿಮ್ಮ ಫೋನ್ ತೋರಿಸೋದು ಒಂದು ಅಂದಾಜು. ನೀವು ಓಡಿದಾಗ ಸರ್ವರ್ ಒಪ್ಪಿಗೆಗೆ ಕಾಯದೇ ಫೋನ್ ನಿಮ್ಮನ್ನ ಮುಂದೆ ಓಡಿಸಿ ತೋರಿಸುತ್ತೆ. 1996ರಲ್ಲಿ ಕ್ವೇಕ್‌ವರ್ಲ್ಡ್‌ನಲ್ಲಿ ಜಾನ್ ಕಾರ್ಮ್ಯಾಕ್ ಈ ಉಪಾಯ ತಂದರು, ಈಗ ಬಹುತೇಕ ಆಟಗಳಲ್ಲಿದೆ. ಅಂದಾಜು ತಪ್ಪಿದರೆ ಸರ್ವರ್ ನಿಮ್ಮನ್ನ ಹಿಂದಕ್ಕೆ ಜಗ್ಗುತ್ತೆ. ಓಡಿದವರು ರಬ್ಬರ್ ಕಟ್ಟಿದಂಗೆ ವಾಪಸ್ ಬಂದು ನಿಲ್ಲೋದು ಇದರಿಂದಲೇ.

ನೀವು ಗೋಡೆ ಹಿಂದೆ ಸರಿದ ಸುದ್ದಿ ಸರ್ವರ್‌ಗೆ ಹೋಗಿ, ಅಲ್ಲಿಂದ ಎದುರಾಳಿಗೆ ಮುಟ್ಟಬೇಕು. ಅಲ್ಲಿಯವರೆಗೆ ಅವನ ಪರದೆಯಲ್ಲಿ ನೀವಿನ್ನೂ ಬಯಲಲ್ಲೇ ಇದ್ದೀರಿ. ಅವನು ಹೊಡೆದ. ಹಲವು ಶೂಟಿಂಗ್ ಆಟಗಳಲ್ಲಿ ಸರ್ವರ್ ಸಮಯವನ್ನ ಸ್ವಲ್ಪ ಹಿಂದಕ್ಕೆ ತಿರುಗಿಸಿ, ಆ ಕ್ಷಣ ಅವನಿಗೆ ಏನು ಕಾಣ್ತಿತ್ತು ಅಂತ ನೋಡಿ ತೀರ್ಪು ಕೊಡುತ್ತೆ. ಸೆಕೆಂಡಿಗೆ 6 ಮೀಟರ್ ಓಡುವವನು 200 ಮಿಲಿಸೆಕೆಂಡಿನಲ್ಲಿ 1.2 ಮೀಟರ್ ಸರಿದಿರ್ತಾನೆ. ಗೋಡೆ ಅಂಚು ದಾಟೋಕೆ ಅಷ್ಟು ಸಾಕು. ಇದರಲ್ಲಿ ಎದುರಾಳಿ ಮೋಸ ಮಾಡಿಲ್ಲ, ನಿಮ್ಮ ಆಟವೂ ಕೆಟ್ಟದ್ದಲ್ಲ. ಸುದ್ದಿ ತಡವಾಗಿ ಮುಟ್ಟಿತು, ಅಷ್ಟೇ.

ವೇರಿಯಬಲ್ ಕಾಸ್ಟ್: ದಾರಿ ಮತ್ತು ಟವರ್

ಮುಂಬೈ ಹತ್ತು ಹನ್ನೆರಡು ಮಿಲಿಸೆಕೆಂಡಿನ ದಾರಿ ಅಂದೆ. ಹಾಗಾದರೆ ಪಿಂಗ್ 90, 120 ಅಂತ ತೋರಿಸೋದು ಯಾಕೆ? ಇಲ್ಲಿ ಎರಡನೇ ಖಾತೆ ತೆರೆಯುತ್ತೆ.

ಒಂದು, ಟವರ್. 4ಜಿಯಲ್ಲಿ ಫೋನ್ ಮತ್ತು ಟವರ್ ನಡುವಿನ ಗಾಳಿಯ ದಾರಿಗೇ ಹತ್ತಾರು ಮಿಲಿಸೆಕೆಂಡ್ ಹೋಗುತ್ತೆ. ಒಂದೇ ಟವರ್‌ಗೆ ಮಂದಿ ಜಾಸ್ತಿಯಾದರೆ ಪ್ಯಾಕೆಟ್‌ಗಳು ಪಾಳಿ ಹಚ್ಚುತ್ತವೆ. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದಲ್ಲಿ ನಿಂತು ಮ್ಯಾಚ್ ಆಡಿ ನೋಡಿ! ಅದೇ ಫೋನ್, ಅದೇ ಮುಂಬೈ ಸರ್ವರ್, ಆದರೆ ಪಿಂಗ್ ಗುಡ್ಡ ಏರಿರುತ್ತೆ. ರಾತ್ರಿ 9ಕ್ಕೆ ಊರೆಲ್ಲ ವಿಡಿಯೋ ನೋಡುವಾಗ ನಡೆಯೋದೂ ಇದೇ, ಸಣ್ಣ ಪ್ರಮಾಣದಲ್ಲಿ.

ಎರಡು, ಸುತ್ತು ದಾರಿ. ಬೈಲಹೊಂಗಲದಿಂದ ಸವದತ್ತಿಗೆ ಹೊರಟವ ಧಾರವಾಡ ಸುತ್ತಿ ಹೋದಂಗೆ, ನೆಟ್‌ವರ್ಕ್ ಕಂಪನಿಗಳ ನಡುವಿನ ಒಪ್ಪಂದ ಸರಿ ಇಲ್ಲದಿದ್ದರೆ ಪ್ಯಾಕೆಟ್ ಎಲ್ಲೆಲ್ಲೋ ತಿರುಗಿ ಬರುತ್ತೆ. ದೇಶದೊಳಗಿನ ಟ್ರಾಫಿಕ್ ದೇಶದೊಳಗೇ ಕೈ ಬದಲಾಗಲಿ ಅಂತಲೇ 2003ರಲ್ಲಿ ನಿಕ್ಸಿ ಎಂಬ ಇಂಟರ್‌ನೆಟ್ ವಿನಿಮಯ ಸಂಸ್ಥೆ ಹುಟ್ಟಿತು. ಸಮುದ್ರದ ದಾರಿಗೂ ಅಪಾಯ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಕೇಬಲ್‌ಗಳು ತುಂಡಾದಾಗ ಟ್ರಾಫಿಕ್ ಬೇರೆ ದಾರಿ ಹಿಡಿಯಿತು, ತಡ ಹೆಚ್ಚಾಗಬಹುದು ಅಂತ ಮೈಕ್ರೋಸಾಫ್ಟ್ ಕೂಡ ಗ್ರಾಹಕರಿಗೆ ಹೇಳಿತ್ತು.

ಸರ್ವರ್ ಎಲ್ಲಿಡಬೇಕು ಅಂತ ಯಾರು ಹೇಳೋದು?

ಅರ್ಧ ಮಾರುಕಟ್ಟೆ, ಅರ್ಧ ಸರ್ಕಾರ. ಅಮೆಜಾನ್ ಕ್ಲೌಡ್ ಮುಂಬೈಗೆ ಬಂದದ್ದು 2016ರಲ್ಲಿ, ಹೈದರಾಬಾದ್‌ಗೆ 2022ರಲ್ಲಿ. ಬಾಡಿಗೆಗೆ ಜಾಗ ಸಿಕ್ಕಿತು, ಆಡುವ ಮಂದಿಯೂ ಇದ್ದರು, ಆಟದ ಕಂಪನಿಗಳು ಬಂದವು. ಸಮುದ್ರದ ಕೇಬಲ್‌ಗಳು ದಡ ಸೇರುವ ಊರು ಅಂತ ಮುಂಬೈಗೆ ಮೊದಲ ಮಣೆ. ಒಂದು ತಮಾಷೆ ನೋಡಿ. 1956ರವರೆಗೆ ನಮ್ಮ ಬೆಳಗಾವಿ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತು. ಈಗ ನಮ್ಮ ಗುಂಡು ತಾಗಿತೋ ಇಲ್ಲವೋ ಅನ್ನೋ ತೀರ್ಪು ಬಹಳ ಸಲ ಮತ್ತೆ ಮುಂಬೈಯಿಂದಲೇ ಬರುತ್ತೆ.

ಸರ್ಕಾರದ ಪಾಲು ನಿಮಗೆಲ್ಲ ನೆನಪಿರಬೇಕು. 2020ರ ಸೆಪ್ಟೆಂಬರ್ 2ರಂದು ಪಬ್ಜಿ ಮೊಬೈಲ್ ಸೇರಿ 118 ಆ್ಯಪ್‌ಗಳು ಬ್ಯಾನ್ ಆದವು. ಬಳಕೆದಾರರ ಮಾಹಿತಿ ದೇಶದ ಹೊರಗಿನ ಸರ್ವರ್‌ಗಳಿಗೆ ಹೋಗ್ತಿದೆ ಅನ್ನೋದು ಸರ್ಕಾರ ಹೇಳಿದ ಕಾರಣಗಳಲ್ಲಿ ಒಂದು. 2021ರ ಜುಲೈನಲ್ಲಿ ಬಿಜಿಎಂಐ ಬಂತು, 2022ರ ಜುಲೈನಲ್ಲಿ ಅದೂ ಹೋಯಿತು. 2023ರ ಮೇನಲ್ಲಿ ವಾಪಸ್ ಬಿಟ್ಟಾಗ, ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ಕೇಂದ್ರ ಸಚಿವ ರಾಜೀವ್ ಚಂದ್ರಶೇಖರ್ ಹೇಳಿದ್ದು: ಸರ್ವರ್ ಇರುವ ಜಾಗ, ಡೇಟಾ ಸುರಕ್ಷತೆಯಂಥ ವಿಷಯಗಳನ್ನ ಕಂಪನಿ ಸರಿಪಡಿಸಿದೆ, 3 ತಿಂಗಳ ಪರೀಕ್ಷಾರ್ಥ ಒಪ್ಪಿಗೆ ಇದು ಅಂತ. ಆದರೆ ಸರ್ಕಾರದ ಚಿಂತೆ ನಿಮ್ಮ ಮಾಹಿತಿ ಇಡುವ ಸರ್ವರ್ ಬಗ್ಗೆ. ನಿಮ್ಮ ಪಿಂಗ್ ತೀರ್ಮಾನ ಆಗೋದು ಮ್ಯಾಚ್ ನಡೆಯುವ ಸರ್ವರ್‌ನಿಂದ. ಎರಡೂ ಒಂದೇ ಊರಲ್ಲಿ ಇರಲೇಬೇಕು ಅಂತೇನಿಲ್ಲ.

ಹಾಗಾದರೆ ದುಡ್ಡು ಎಲ್ಲಿ ಹಾಕೋದು?

ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ ಹೇಳ್ತೀನಿ. ಆಟದ ಸೆಟ್ಟಿಂಗ್ಸ್‌ನಲ್ಲಿ ಸರ್ವರ್ ಅಥವಾ ರೀಜನ್ ಯಾವುದಿದೆ ನೋಡಿ. ಬೆಳಿಗ್ಗೆ 6ಕ್ಕೆ ಒಮ್ಮೆ, ರಾತ್ರಿ 9ಕ್ಕೆ ಒಮ್ಮೆ ಪಿಂಗ್ ಬರೆದುಕೊಳ್ಳಿ. ಮೂರ್ನಾಲ್ಕು ದಿನ ಮಾಡಿ. ಉದಾಹರಣೆಗೆ ಬೆಳಿಗ್ಗೆ 50, ರಾತ್ರಿ 140 ಅಂತಿಟ್ಟುಕೊಳ್ಳಿ. ಆ 50 ನಿಮ್ಮ ಫಿಕ್ಸೆಡ್ ಕಾಸ್ಟ್‌ಗೆ ಹತ್ತಿರದ ಅಂಕಿ, ಮೇಲಿನ 90 ವೇರಿಯಬಲ್. ಈ 90 ಇಳಿಸೋಕೆ ದಾರಿ ಇದೆ: ಮನೆಗೆ ಫೈಬರ್ ಇದ್ದರೆ ವೈಫೈ, ರೌಟರ್ ಹತ್ತಿರ ಕೂರೋದು, ಇನ್ನೊಂದು ಕಂಪನಿಯ ಸಿಮ್ ಗೆಳೆಯನಿಂದ ಇಸ್ಕೊಂಡು ಅದೇ ಜಾಗದಲ್ಲಿ ಪರೀಕ್ಷಿಸೋದು.

ಬೆಳಿಗ್ಗೆ 6ಕ್ಕೂ 150 ಇದ್ದರೆ ನೀವು ದೂರದ ಸರ್ವರ್‌ನಲ್ಲಿದ್ದೀರಿ, ಇಲ್ಲವೇ ದಾರಿ ಸುತ್ತುತ್ತಿದೆ. ಮೊದಲು ರೀಜನ್ ಬದಲಿಸಿ. ಪಿಂಗ್ ಬೂಸ್ಟರ್ ಅಥವಾ ವಿಪಿಎನ್ ದೂರವನ್ನ ಕುಗ್ಗಿಸಲ್ಲ, ದಾರಿಯಲ್ಲಿ ಇನ್ನೊಂದು ಸ್ಟಾಪ್ ಸೇರಿಸುತ್ತೆ. ಸುತ್ತು ದಾರಿ ತಪ್ಪಿಸಿದರೆ ಮಾತ್ರ ಲಾಭ. ಹಾಗಾಗಿ ಉಚಿತ ಟ್ರಯಲ್‌ನಲ್ಲಿ ಅಂಕಿ ಇಳಿಯದಿದ್ದರೆ ಚಂದಾ ಕಟ್ಟಬೇಡಿ.

ಹೊಸ ಫೋನ್? ಪಿಂಗ್ 50 ಇದ್ದೂ ಚಿತ್ರ ತಡವರಿಸಿದರೆ ಅದು ಫೋನ್ ಬಿಸಿಯಾಗಿರೋದು ಅಥವಾ ಪ್ರೊಸೆಸರ್ ಸಾಲದೇ ಇರೋದು. ಆಗ ಫೋನ್ ಬಗ್ಗೆ ಯೋಚಿಸಿ. ಪಿಂಗ್ 150 ಇದ್ದಾಗ ಕಂತಿನ ಮೇಲೆ ಫೋನ್ ತಂದರೆ ಅದೇ 150 ಚೆಂದದ ಪರದೆಯಲ್ಲಿ ಕಾಣುತ್ತೆ. ಕಂತು ಮಾತ್ರ ಹನ್ನೆರಡು ತಿಂಗಳು ನಡೆಯುತ್ತೆ.

ನಿಮ್ಮ ಊರು, ಬೆಳಗಿನ ಪಿಂಗ್, ರಾತ್ರಿಯ ಪಿಂಗ್, ಇಷ್ಟು ಬರೆದು ಕಳಿಸಿ. ರಾಮದುರ್ಗ, ಕಿತ್ತೂರು ಕಡೆಯವರು ತಪ್ಪದೇ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಪಕ್ಕಪಕ್ಕ ಇಟ್ಟು ಓದೋಣ. ಅಲ್ಲಿಯವರೆಗೆ ಆಡ್ತಾ ಇರಿ, ನಮಸ್ಕಾರ.