ಹಿತ್ತಿಲಿನಲ್ಲಿ ಶನಿದರ್ಶನ

1871ರ ಡಿಸೆಂಬರ್ 12ರ ಪೂರ್ಣ ಸೂರ್ಯಗ್ರಹಣವನ್ನು ವೀಕ್ಷಿಸಲು ಮದರಾಸು ವೀಕ್ಷಣಾಲಯದ ಮುಖ್ಯಸ್ಥ ನಾರ್ಮನ್ ಪಾಗ್ಸನ್ ಆಯ್ದುಕೊಂಡ ಊರು, ಇಂದು ತಿರುಪ್ಪೂರು ಜಿಲ್ಲೆಯಲ್ಲಿರುವ ಅವಿನಾಶಿ. ಅದೇ ಗ್ರಹಣಕ್ಕಾಗಿ ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಅವರ ತಂಡ ಕಾಸರಗೋಡು ಸೀಮೆಯ ಬೇಕಲ ಕೋಟೆಯಲ್ಲಿ ಬೀಡುಬಿಟ್ಟಿತ್ತು. ಮೂರು ವರ್ಷಗಳ ಬಳಿಕ, 1874ರ ಡಿಸೆಂಬರ್ 9ರಂದು, ಶುಕ್ರಗ್ರಹವು ಸೂರ್ಯಬಿಂಬವನ್ನು ದಾಟಿ ಹೋಯಿತು. ಮದರಾಸು ವೀಕ್ಷಣಾಲಯದ ಪ್ರಥಮ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರು ಅದನ್ನು ಜನಸಾಮಾನ್ಯರಿಗೆ ತಿಳಿಸಲು ಸಂವಾದರೂಪದಲ್ಲಿ ಕಿರುಹೊತ್ತಗೆಯೊಂದನ್ನು ರಚಿಸಿದರು. ಅದು ಕನ್ನಡದಲ್ಲಿಯೂ ಅಚ್ಚಾಯಿತು. ಖಗೋಳವಿಜ್ಞಾನವನ್ನು ಕನ್ನಡದಲ್ಲಿ ಹೇಳಲಾಗದು ಎಂದು ಮಕ್ಕಳ ಮುಂದೆ ಮಾತನಾಡುವ ಹಿರಿಯರು ಈ ಸಂಗತಿಯನ್ನು ಅರಿತಿರುವುದು ಲೇಸು.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಮನೆಗಳಿಗೆ ಗ್ರಹವೀಕ್ಷಣೆಯಲ್ಲಿ ಒಂದು ಸಹಜವಾದ ಅನುಕೂಲವಿದೆ. ಈ ಸೀಮೆ ಸುಮಾರು 11 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದುದರಿಂದ ಗ್ರಹಗಳು ಇಲ್ಲಿ ಆಕಾಶದಲ್ಲಿ ಬಹಳ ಎತ್ತರಕ್ಕೆ ಏರುತ್ತವೆ. ಅವುಗಳ ಬೆಳಕು ತೆಳುವಾದ ವಾಯುಪದರವನ್ನು ಹಾದು ಕಣ್ಣಿಗೆ ಬರುತ್ತದೆ. ಗೆಲಿಲಿಯೋ ದೂರದರ್ಶಕ ಹಿಡಿದು ನಿಂತ ಪಾದುವಾ ನಗರಕ್ಕೆ ಈ ಭಾಗ್ಯವಿರಲಿಲ್ಲ. ಹೊಸೈರಿ ಕಾರ್ಖಾನೆಗಳ ವಿದ್ಯುದ್ದೀಪಗಳಿಂದ ತಿರುಪ್ಪೂರಿನಲ್ಲಿ ಕ್ಷೀರಪಥ ಕಾಣದಿರಬಹುದು. ಆದರೆ ಗುರು, ಶುಕ್ರ, ಶನಿಗಳನ್ನು ಆ ಬೆಳಕು ಮರೆಮಾಡಲಾರದು.

ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಬರಹವನ್ನು ನಂಬಬಾರದು. ‘500 ಪಟ್ಟು’ ಎಂಬ ಘೋಷಣೆ ಮುಖ್ಯ ಮಸೂರದ ವ್ಯಾಸದ ಬಗ್ಗೆ ಏನನ್ನೂ ಹೇಳುವುದಿಲ್ಲ. ಮಸೂರದ ಪ್ರತಿ ಮಿಲಿಮೀಟರಿಗೆ ಸುಮಾರು ಎರಡು ಪಟ್ಟು ವರ್ಧನೆಯೇ ಮಿತಿ, 70 ಮಿ.ಮೀ. ಕೊಳವೆಗೆ 140. ಅದರಾಚೆ ಬಿಂಬ ದೊಡ್ಡದಾಗುತ್ತದೆ, ಸ್ಪಷ್ಟವಾಗುವುದಿಲ್ಲ. ವಾಸ್ತವದಲ್ಲಿ ಮೂವತ್ತರಿಂದ ಎಪ್ಪತ್ತು ಪಟ್ಟು ಸಾಕು. ಗೆಲಿಲಿಯೋನ ಕೊಳವೆಯ ವರ್ಧನೆ ಸುಮಾರು ಇಪ್ಪತ್ತು ಪಟ್ಟು ಮಾತ್ರ. ಗಟ್ಟಿಯಾದ ಮುಕ್ಕಾಲಿ ಇಲ್ಲದಿದ್ದರೆ ಇನ್ನುಳಿದುದೆಲ್ಲ ವ್ಯರ್ಥ. ಆಷಾಢದಲ್ಲಿ ಪಾಲಘಾಟ್ ಕಣಿವೆಯಿಂದ ನುಗ್ಗುವ ಗಾಳಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಅಗ್ಗದ ಕೆಲವು ದೂರದರ್ಶಕಗಳ ಜೊತೆಗೆ ನೇತ್ರಮಸೂರಕ್ಕೆ ತಿರುಗಿಸಿ ಹಾಕುವ ಕಪ್ಪು ಗಾಜೊಂದು ಬರುತ್ತದೆ. ಸೂರ್ಯನನ್ನು ನೋಡಲು ಎಂದು ಅದರ ಮೇಲೆ ಬರೆದಿರುತ್ತದೆ. ಅದನ್ನು ಅಂದೇ ಎಸೆಯಬೇಕು. ಮಸೂರ ಕೇಂದ್ರೀಕರಿಸಿದ ಬಿಸಿಲಿಗೆ ಅದು ಸಿಡಿದರೆ ಕ್ಷಣಮಾತ್ರದಲ್ಲಿ ಕಣ್ಣು ಹೋಗುತ್ತದೆ. ಹಗಲಿನಲ್ಲಿ ಮಕ್ಕಳ ಕೈಗೆ ದೂರದರ್ಶಕ ಸಿಗದಂತೆ ಇರಿಸುವುದು ಮನೆಯ ಹಿರಿಯರ ಹೊಣೆ.

ತಾರಸಿಗಿಂತ ಹಿತ್ತಿಲು ಮೇಲು. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿಯಲ್ಲಿ ಬಿಸಿ ಉಸಿರು ಬಿಡುತ್ತದೆ. ಆ ಗಾಳಿಯಲ್ಲಿ ಬಿಂಬ ಕುದಿಯುವ ನೀರಿನೊಳಗಿನ ನಾಣ್ಯದಂತೆ ನಡುಗುತ್ತದೆ. ಮಣ್ಣಿನ ನೆಲದ ಮೇಲೆ, ಅರ್ಧ ಗಂಟೆ ಮೊದಲೇ ಹೊರಗಿಟ್ಟು ತಣಿಸಿದ ಕೊಳವೆಯಲ್ಲಿ ಬಿಂಬ ನೆಲೆಗೊಳ್ಳುತ್ತದೆ. ಮಿನುಗದೆ ಸ್ಥಿರವಾಗಿ ಬೆಳಗುವ ಚುಕ್ಕೆಯನ್ನು ಹುಡುಕಿದರೆ ಅದು ಬಹುಮಟ್ಟಿಗೆ ಗ್ರಹವೇ ಆಗಿರುತ್ತದೆ.

ಶುಕ್ರ ಪುಟ್ಟ ಚಂದ್ರನಂತೆ ಕಲೆಗಳನ್ನು ತೋರುತ್ತಾನೆ. ಮಂಗಳನ ವಿಷಯದಲ್ಲಿ ನಿರಾಶೆ ಖಂಡಿತ. ಸುಮಾರು ಇಪ್ಪತ್ತಾರು ತಿಂಗಳಿಗೊಮ್ಮೆ ಭೂಮಿಗೆ ಸಮೀಪ ಬಂದಾಗಲೂ ಅವನು ಕೆಂಪು ಗುಂಡುಸೂಜಿಯ ತಲೆಯಷ್ಟೇ. ಶನಿಯ ಮಾತು ಬೇರೆ. ಹೆಸರು ಕೇಳಿದೊಡನೆ ಏಳರಾಟದ ನೆನಪಾಗಿ ಎಣ್ಣೆದೀಪಕ್ಕೆ ಹೊರಡುವ ಮನೆಯಲ್ಲಿ, ಐವತ್ತು ಪಟ್ಟು ವರ್ಧನೆಯಲ್ಲಿ ಉಂಗುರ ತೊಟ್ಟು ಮೌನವಾಗಿ ನಿಂತ ಆ ಹೊಂಬಣ್ಣದ ಬಿಂಬವನ್ನು ಕಂಡ ಮಗುವಿಗೆ ಭಯ ಉಳಿಯುವುದು ಕಷ್ಟ. 1610ರಲ್ಲಿ ಗೆಲಿಲಿಯೋ ಅದನ್ನು ಕಂಡರೂ ಉಂಗುರವೆಂದು ಅರಿಯಲಿಲ್ಲ. ಹೈಗೆನ್ಸ್ 1659ರಲ್ಲಿ ಆ ಒಗಟನ್ನು ಬಿಡಿಸಿದ. 2025ರ ಮಾರ್ಚಿನಲ್ಲಿ ಉಂಗುರ ಭೂಮಿಗೆ ತನ್ನ ಅಂಚನ್ನು ತೋರಿ ಬಹುತೇಕ ಅದೃಶ್ಯವಾಗಿತ್ತು. ಈಗ ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತ 2032ರ ಹೊತ್ತಿಗೆ ಅತ್ಯಂತ ಅಗಲವಾಗಿ ಕಾಣಲಿದೆ. ಇಂದು ಮೂರನೆಯ ತರಗತಿಯಲ್ಲಿರುವ ಮಗು ಹತ್ತನೆಯ ತರಗತಿ ಸೇರುವವರೆಗೆ ಈ ಬದಲಾವಣೆಯನ್ನು ಚಿತ್ರ ಬರೆದು ದಾಖಲಿಸಬಹುದು.

ಗುರುವಿನ ನಾಲ್ಕು ಉಪಗ್ರಹಗಳು ಇದಕ್ಕಿಂತ ಬೇಗ ಫಲ ಕೊಡುತ್ತವೆ. ಕೇಳಿದ್ದು ಸಾಕ್ಷ್ಯವಲ್ಲ, ಕಂಡದ್ದು ಸಾಕ್ಷ್ಯ ಎಂಬ ನ್ಯಾಯಾಲಯದ ನಿಯಮ ಇಲ್ಲಿಗೂ ಸಲ್ಲುತ್ತದೆ: ಪುಸ್ತಕದ ಚಿತ್ರವನ್ನು ನಕಲು ಮಾಡದೆ, ಕಂಡ ಚುಕ್ಕೆಗಳನ್ನಷ್ಟೇ ದಿನಾಂಕ, ಗಂಟೆ, ನಿಮಿಷಗಳೊಡನೆ ಗುರುತಿಸಬೇಕು. ಒಳಗಿನ ಅಯೋ ಸುಮಾರು 42 ಗಂಟೆ 30 ನಿಮಿಷಗಳಲ್ಲಿ ಒಂದು ಸುತ್ತು ಮುಗಿಸುತ್ತದೆ. ಒಂದೇ ಸಂಜೆ, ಎರಡು ಗಂಟೆಗಳ ಅಂತರದಲ್ಲಿ ಎರಡು ಚಿತ್ರ ಬರೆದರೆ, ಅದು ಗುರುವಿನ ಹತ್ತಿರವಿದ್ದಾಗ ಸ್ಥಾನ ಬದಲಿಸಿದ್ದು ಕಾಗದದ ಮೇಲೆಯೇ ಕಾಣುತ್ತದೆ. ಗೆಲಿಲಿಯೋ 1610ರ ಜನವರಿಯಲ್ಲಿ ಮಾಡಿದ್ದೂ ಇದನ್ನೇ. ಮಗು ಆ ಚುಕ್ಕೆಗಳ ಪಕ್ಕದಲ್ಲಿ ಪೂರ್ವ, ಪಶ್ಚಿಮ ಎಂದು ಕನ್ನಡದಲ್ಲಿ ಬರೆಯಲಿ. ಕೊಳವೆಯಲ್ಲಿ ದಿಕ್ಕುಗಳು ತಿರುಗುಮುರುಗಾಗಿ ಕಾಣುವುದರಿಂದ ಮೊದಲ ವಾರ ಅದು ತಪ್ಪುವುದುಂಟು.